ಟೇಪಿನ ತಂತಿಯಿಂದ ದೀಪ ಬೇಡ: ಟ್ರ್ಯಾಕ್ಟರಿಗೆ ಹೆಚ್ಚುವರಿ ಸ್ವಿಚ್ಚುಗಳ ಸರಿಯಾದ ಜೋಡಣೆ

ಕಬ್ಬು ಕಡಿಯುವ ಕಾಲ ಬಂದಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳಿಗೆ ಹಗಲು ರಾತ್ರಿಯೆಂಬ ಭೇದವಿರುವುದಿಲ್ಲ. ಪಾಂಡವಪುರದ ಕಡೆಗೆ ರಸ್ತೆ ತಿರುಗುವ ಕಿರಂಗೂರಿನ ಬಳಿ ಸಂಜೆಯ ನಂತರ ಸ್ವಲ್ಪ ಹೊತ್ತು ನಿಂತರೆ, ಕಬ್ಬು ತುಂಬಿದ ಟ್ರೈಲರುಗಳು ಕಾರ್ಖಾನೆಗೋ ಆಲೆಮನೆಗೋ ಸಾಗುವುದನ್ನು ನೋಡಬಹುದು. ಹಾಡು ದೂರದಿಂದಲೇ ಕೇಳಿಸುವುದು. ಮುಂದಿನ ದೀಪಗಳು ಕಣ್ಣು ಕೋರೈಸುವುವು. ಹಿಂದಿನ ಟ್ರೈಲರಿನಲ್ಲಿ ಮಾತ್ರ ಬಹಳ ಸಲ ಒಂದು ಮಿಣುಕು ದೀಪವೂ ಇರುವುದಿಲ್ಲ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರ್ಯಾಕ್ಟರುಗಳ ಪ್ರವೇಶವನ್ನು ನಿಷೇಧಿಸಲಾಗಿದೆ. ಅವು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಓಡಬೇಕು. ಮೋಟಾರ್ ಸೈಕಲ್ಲು, ಆಟೋರಿಕ್ಷಾಗಳಿಗೂ ಅದೇ ರಸ್ತೆ. ಆದ್ದರಿಂದ ದೀಪವಿಲ್ಲದ ಟ್ರೈಲರಿನ ಹಿಂಬದಿಗೆ ಬಂದು ಬಡಿಯುವವನು ಎಲ್ಲೋ ದೂರದಿಂದ ಬಂದ ಕಾರಿನವನಲ್ಲ. ಹೆಚ್ಚಾಗಿ ಪಕ್ಕದ ಊರಿನವನೇ, ಗದ್ದೆಗೆ ನೀರು ಕಟ್ಟಿ ಮನೆಗೆ ಮರಳುವವನು.

ಹಿಂದೆ ದೀಪ ಆರುವುದಕ್ಕೂ ಮುಂದೆ ಹಾಡು ಕೇಳುವುದಕ್ಕೂ ಸಂಬಂಧವೇನೆಂದು ಕೆಲವರು ಕೇಳಬಹುದು. ಸಂಬಂಧವಿದೆ. ಟ್ರ್ಯಾಕ್ಟರು ಕೊಂಡ ಕೆಲವೇ ದಿನಗಳಲ್ಲಿ ಅದಕ್ಕೆ ಹಾಡಿನ ಸೆಟ್ಟು ಹಾಕಿಸುವುದು ಈಗ ಸಾಮಾನ್ಯವಾಗಿದೆ. ಇದನ್ನು ಹಳ್ಳಿಗಳಲ್ಲಿ ಇಂದಿಗೂ ಟೇಪು ಎಂದೇ ಕರೆಯುತ್ತಾರೆ, ಒಳಗೆ ಟೇಪು ಇಲ್ಲದಿದ್ದರೂ. ಸೆಟ್ಟಿಗೆಂದು ಎಳೆದ ತಂತಿಯು ಚಾಲಕನ ಕೈಗೆ ಹತ್ತಿರವಿರುವುದರಿಂದ ಮುಂದೆ ಅದರಿಂದಲೇ ಉಳುಮೆ ದೀಪಕ್ಕೆ ಒಂದು ಸ್ವಿಚ್ಚು, ಪುಟ್ಟ ಫ್ಯಾನಿಗೆ ಒಂದು ಸ್ವಿಚ್ಚು, ಫೋನಿನ ಚಾರ್ಜಿಗೆ ಒಂದು ತಂತಿ ತೆಗೆಯುತ್ತಾರೆ. ಟ್ರೈಲರಿನ ಸಾಕೆಟ್ಟು ತುಕ್ಕು ಹಿಡಿದು ಕೆಟ್ಟಾಗ ಹಿಂಬದಿ ದೀಪವನ್ನೂ ಅದಕ್ಕೇ ಸೇರಿಸಿಬಿಡುವುದುಂಟು. ಆಮೇಲೆ ಫ್ಯೂಸು ಪದೇ ಪದೇ ಹೋಗತೊಡಗುವುದು. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆಯೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವೋ ಬರುವುದು. ಅಲ್ಲಿಂದ ಮುಂದೆ ಸುಡುವುದು ಫ್ಯೂಸಲ್ಲ, ತಂತಿ. ಫ್ಯೂಸು ಹೋದಾಗ ಹಾಡು ನಿಂತದ್ದು ಚಾಲಕನಿಗೆ ಕೂಡಲೇ ತಿಳಿಯುವುದು. ಎರಡು ಮಾರು ಹಿಂದೆ ಆರಿಹೋದ ಕೆಂಪು ದೀಪ ತಿಳಿಯುವುದಿಲ್ಲ.

ಹೆಚ್ಚುವರಿ ಸ್ವಿಚ್ಚುಗಳನ್ನು ಹಾಕಿಸಿಕೊಳ್ಳುವುದು ತಪ್ಪೇನಲ್ಲ. ರಾತ್ರಿ ಉಳುವವರಿಗೆ, ಕಬ್ಬು ತುಂಬುವವರಿಗೆ ಅವು ಬೇಕೇ ಬೇಕು. ಅವುಗಳನ್ನು ಎಲ್ಲಿಂದ, ಹೇಗೆ ತೆಗೆಯಬೇಕೆಂಬುದನ್ನು ಅರಿತರೆ ಸೆಟ್ಟೂ ಉಳಿಯುವುದು, ದೀಪವೂ ಉರಿಯುವುದು.

ಸೆಟ್ಟಿನ ಹಿಂದಿರುವ ತಂತಿಗಳು

ಮಾರುಕಟ್ಟೆಯಲ್ಲಿ ಸಿಗುವ ಸೆಟ್ಟುಗಳ ಹಿಂಭಾಗದಿಂದ ಹತ್ತು ಹನ್ನೆರಡು ಬಣ್ಣದ ತಂತಿಗಳು ಹೊರಬರುತ್ತವೆ. ಬಣ್ಣಗಳಲ್ಲಿ ಹೆಚ್ಚಿನ ತಯಾರಕರು ಒಂದೇ ಪದ್ಧತಿಯನ್ನು ಅನುಸರಿಸುತ್ತಾರೆ. ಹಳದಿ ತಂತಿಯು ಸದಾ ಬ್ಯಾಟರಿಗೆ ಸೇರಿರಬೇಕಾದದ್ದು. ಗಡಿಯಾರ ಮತ್ತು ರೇಡಿಯೋ ಕೇಂದ್ರಗಳ ನೆನಪು ಇದರಿಂದ ಉಳಿಯುವುದು. ಕೆಂಪು ತಂತಿಯು ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಜಾಗಕ್ಕೆ ಸೇರಬೇಕು. ಕಪ್ಪು ತಂತಿ ಅರ್ತಿಂಗಿಗೆ, ಅಂದರೆ ಬಾಡಿಗೆ. ನೀಲಿ ಅಥವಾ ನೀಲಿ-ಬಿಳಿ ಪಟ್ಟೆಯ ತಂತಿಯು ಸೆಟ್ಟಿನಿಂದ ಹೊರಗೆ ಹೋಗುವಂಥದು. ಸೆಟ್ಟು ಚಾಲೂ ಆದಾಗ ಏರುವ ಆಂಟೆನಾ ಅಥವಾ ಪ್ರತ್ಯೇಕ ಆಂಪ್ಲಿಫೈಯರನ್ನು ಎಬ್ಬಿಸಲು ಇದು ಇದೆ. ಕಿತ್ತಳೆ ಬಣ್ಣದ್ದಿದ್ದರೆ ಅದು ರಾತ್ರಿ ಸೆಟ್ಟಿನ ಮುಖದ ಬೆಳಕನ್ನು ತಗ್ಗಿಸುವುದಕ್ಕೆ. ಉಳಿದ ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರುಗಳವು. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆಯಿರುವುದು ಋಣ ತಂತಿ. ಕಡಿಮೆ ಬೆಲೆಯ ಕೆಲವು ಸೆಟ್ಟುಗಳಲ್ಲಿ ಬಣ್ಣ ಬೇರೆಯಿರಬಹುದಾದ್ದರಿಂದ ಮೇಲಿನ ತಗಡಿಗೆ ಅಂಟಿಸಿದ ಚೀಟಿಯನ್ನು ಓದದೆ ಕೈಹಾಕಬಾರದು.

ಸ್ಪೀಕರಿನ ಋಣ ತಂತಿಯನ್ನು ಬಾಡಿಗೆ ಸೇರಿಸಿ ಒಂದು ತಂತಿ ಉಳಿಸುವ ಅಭ್ಯಾಸ ಹಳೆಯ ಕಾಲದ ಸೆಟ್ಟುಗಳಿಂದ ಬಂದದ್ದು. ಈಗಿನ ಸೆಟ್ಟುಗಳಲ್ಲಿ ಹಾಗೆ ಮಾಡಿದರೆ ಒಳಗಿನ ಭಾಗ ಸುಟ್ಟುಹೋಗುವುದು. ನಾಲ್ಕು ಓಮ್‌ನ ಎರಡು ಸ್ಪೀಕರುಗಳನ್ನು ಒಂದೇ ಜೋಡಿಗೆ ಪಕ್ಕಪಕ್ಕ ಸೇರಿಸುವುದೂ ತಪ್ಪು. ಭಾರ ಎರಡು ಓಮ್‌ಗೆ ಇಳಿದು ಸೆಟ್ಟು ಕಾಯುವುದು. ಡಬ್ಬದ ಮೇಲೆ ನಾಲ್ಕು ಸ್ಪೀಕರಿಗೆ ತಲಾ 50 ವಾಟು ಎಂದು ಅಚ್ಚುಹಾಕಿರುವುದನ್ನು ನೋಡಿ ಮರುಳಾಗಬೇಕಿಲ್ಲ. ಅದೇ ಸೆಟ್ಟಿನ ಹಿಂದೆ 10 ಆಂಪಿಯರಿನ ಫ್ಯೂಸು ಇದ್ದರೆ, 12 ವೋಲ್ಟಿನಲ್ಲಿ ಒಳಗೆ ಹೋಗುವುದೇ 120 ವಾಟು. ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರಲು ಸಾಧ್ಯವಿಲ್ಲ.

ಒಂದು ತಂತಿಗೆ ಎಷ್ಟು ಭಾರ?

ಲೆಕ್ಕ ಸುಲಭ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ಸಿಗುವುದು. 55 ವಾಟಿನ ಒಂದು ಉಳುಮೆ ದೀಪ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುವುದು. ಅಂಥ ಎರಡು ದೀಪಗಳಿಗೆ 9.2 ಆಂಪಿಯರ್. ಜೋರಾಗಿ ಹಾಡುವ ಸೆಟ್ಟಿಗೆ 5, ಫ್ಯಾನಿಗೆ 2, ಫೋನಿಗೆ 1 ಎಂದಿಟ್ಟುಕೊಂಡರೆ ಒಟ್ಟು 17 ಆಂಪಿಯರ್ ದಾಟುವುದು. ಸೆಟ್ಟಿನ ಜೊತೆ ಬರುವ ಸಣ್ಣ ತಂತಿಯ ದಪ್ಪ ಸಾಧಾರಣವಾಗಿ ಒಂದು ಚದರ ಮಿ.ಮೀ.ಗೂ ಕಡಿಮೆ, ಅದರ ಫ್ಯೂಸು 10 ಆಂಪಿಯರಿನದು. ಫ್ಯೂಸು ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಅದು ತನ್ನ ಕೆಲಸ ಮಾಡುತ್ತಿದೆ, ಅಷ್ಟೆ. ಅದರ ಬದಲು ತಾಮ್ರದ ಎಳೆ ಹಾಕಿದಾಗ ತಂತಿಯೇ ಕಾಯಿಸುವ ಕಡ್ಡಿಯಾಗುವುದು. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುವುದೆಂಬುದನ್ನು ನೆನಪಿಡಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಧೂಳು, ಗ್ರೀಸು, ಇಲಿ ತಂದಿಟ್ಟ ಹುಲ್ಲು ಇರುವುವು. ಟ್ರೈಲರಿನಲ್ಲಿ ಕಬ್ಬಿನ ಒಣ ತರಗು ಇರುವುದು. ಬೆಂಕಿಗೆ ಇನ್ನೇನು ಬೇಕು?

ತಂತಿ ಸಣ್ಣದಾದರೆ ಬೆಂಕಿಯಷ್ಟೇ ಅಲ್ಲ, ಬೆಳಕೂ ಹೋಗುವುದು. ಬ್ಯಾಟರಿಯಿಂದ ಟ್ರೈಲರಿನ ತುದಿಗೆ 8 ಮೀಟರು, ವಾಪಸು 8 ಮೀಟರು ಎಂದರೆ 16 ಮೀಟರು ತಂತಿ. ಅರ್ಧ ಚದರ ಮಿ.ಮೀ. ದಪ್ಪದ ತಾಮ್ರದಲ್ಲಿ ಇಷ್ಟು ಉದ್ದಕ್ಕೆ ಅರ್ಧ ಓಮ್‌ಗೂ ಹೆಚ್ಚು ಪ್ರತಿರೋಧವಿದೆ. 21 ವಾಟಿನ ಎರಡು ಬ್ರೇಕ್ ದೀಪಗಳು 3.5 ಆಂಪಿಯರ್ ಎಳೆದಾಗ ದಾರಿಯಲ್ಲೇ ಹತ್ತಿರ ಹತ್ತಿರ 2 ವೋಲ್ಟು ಸೋರಿಹೋಗುವುದು. ಬಲ್ಬಿಗೆ 12ರ ಬದಲು 10 ವೋಲ್ಟು ಸಿಕ್ಕಿದರೆ ಬೆಳಕು ಆರನೇ ಒಂದು ಭಾಗವಲ್ಲ, ಸುಮಾರು ಅರ್ಧದಷ್ಟು ಕಡಿಮೆಯಾಗುವುದು. ಅದೇ ತಂತಿಯನ್ನು 1.5 ಚದರ ಮಿ.ಮೀ.ನದು ಹಾಕಿದರೆ ಸೋರುವುದು ಮುಕ್ಕಾಲು ವೋಲ್ಟಿಗೂ ಕಡಿಮೆ. ಎರಡು ಟ್ರೈಲರು ಕಟ್ಟುವವರು 2.5 ಚದರ ಮಿ.ಮೀ.ನದನ್ನೇ ಎಳೆಸಬೇಕು.

ರಿಲೇ ಎಂದರೇನು?

ನಾಲೆಯ ತೂಬನ್ನು ಎತ್ತುವಾಗ ನೀರುಗಂಟಿಯು ಚಕ್ರವನ್ನು ಮಾತ್ರ ತಿರುಗಿಸುತ್ತಾನೆ. ನಾಲೆಯ ನೀರು ಅವನ ಕೈಯ ಮೂಲಕ ಹರಿಯುವುದಿಲ್ಲ. ರಿಲೇಯ ಕೆಲಸವೂ ಹಾಗೆಯೇ. ಸ್ವಿಚ್ಚಿನಿಂದ ಬರುವ ಅಲ್ಪ ಪ್ರವಾಹ ಅದರೊಳಗಿನ ಸುರುಳಿಯನ್ನು ಅಯಸ್ಕಾಂತವನ್ನಾಗಿ ಮಾಡುವುದು. ಅದು ಒಂದು ದಪ್ಪ ಸಂಪರ್ಕವನ್ನು ಎಳೆದು ಕೂಡಿಸುವುದು. ದೀಪದ ಭಾರೀ ಪ್ರವಾಹ ಆ ದಪ್ಪ ಸಂಪರ್ಕದ ಮೂಲಕ ಬ್ಯಾಟರಿಯಿಂದ ನೇರವಾಗಿ ಹರಿಯುವುದು. 12 ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿಗೆ ಬೇಕಾಗುವುದು ಸುಮಾರು 0.15 ಆಂಪಿಯರ್ ಮಾತ್ರ. ಅಂಥ ನಾಲ್ಕು ರಿಲೇಗಳನ್ನು ಒಟ್ಟಿಗೆ ಎಬ್ಬಿಸಿದರೂ ಮುಕ್ಕಾಲು ಆಂಪಿಯರ್ ಆಗದು.

ಸೆಟ್ಟಿನ ತಂತಿಯನ್ನು ಬಳಸಿಕೊಳ್ಳಬಹುದಾದದ್ದು ಇಲ್ಲಿ, ಮತ್ತು ಇಲ್ಲಿ ಮಾತ್ರ. ಕೀ ತಿರುಗಿಸಿದಾಗ ಜೀವ ಬರುವ ಕೆಂಪು ತಂತಿಯಿಂದ ಒಂದು ಕವಲು ತೆಗೆದು, ಅದಕ್ಕೆ 3 ಆಂಪಿಯರಿನ ಪ್ರತ್ಯೇಕ ಫ್ಯೂಸು ಕೂಡಿಸಿ, ಹೊಸ ಸ್ವಿಚ್ಚುಗಳಿಗೆ ಕೊಡಬಹುದು. ಸ್ವಿಚ್ಚುಗಳಿಂದ ರಿಲೇಯ ಸುರುಳಿಗೆ ತೆಳು ತಂತಿ ಸಾಕು. ಹೀಗೆ ಮಾಡಿದರೆ ಕೀ ತೆಗೆದ ಕೂಡಲೇ ಎಲ್ಲ ಹೆಚ್ಚುವರಿ ದೀಪಗಳೂ ತಾವಾಗಿಯೇ ಆರುವುವು. ಮರೆತು ಬಿಟ್ಟುಹೋದ ಉಳುಮೆ ದೀಪದಿಂದ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿಯುವ ತೊಂದರೆ ತಪ್ಪುವುದು.

ನೀಲಿ ತಂತಿಯಿಂದ ರಿಲೇ ಎಬ್ಬಿಸುವವರೂ ಇದ್ದಾರೆ. ಅದು ಅರ್ಧ ಆಂಪಿಯರಿಗಿಂತ ಹೆಚ್ಚು ಹೊರಲು ಮಾಡಿದ್ದಲ್ಲ. ಒಂದು ರಿಲೇಗೆ ಸರಿ, ಮೂರು ನಾಲ್ಕಕ್ಕೆ ಸಲ್ಲದು. ರಿಲೇ ಬಿಡುವಾಗ ಸುರುಳಿಯಿಂದ ಹಿಮ್ಮುಖವಾಗಿ ಏಳುವ ಹೊಡೆತ ಸೆಟ್ಟನ್ನು ಕೆಡಿಸುವುದೂ ಉಂಟು. ಸುರುಳಿಯ ಎರಡು ತುದಿಗಳ ನಡುವೆ ಒಂದು ಡಯೋಡನ್ನು, ಅದರ ಬಿಳಿ ಪಟ್ಟೆ ಧನ ಕಡೆಗೆ ಬರುವಂತೆ ಕೂಡಿಸಿದರೆ ಈ ಹೊಡೆತ ಅಲ್ಲೇ ತೀರುವುದು. ಅದರ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ.

ಜೋಡಿಸುವ ಕ್ರಮ

ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸಬೇಕು. ಕೊನೆಯಲ್ಲಿ ಕೂಡಿಸುವಾಗ ಅದನ್ನೇ ಕಡೆಗೆ ಕೂಡಿಸಬೇಕು. ಧನ ತುದಿಯನ್ನು ಮೊದಲು ಬಿಚ್ಚಹೋದಾಗ ಸ್ಪ್ಯಾನರು ಬಾಡಿಗೆ ತಾಗಿದರೆ ಕಿಡಿ ಹಾರಿ ಬ್ಯಾಟರಿ ಸಿಡಿಯುವ ಅಪಾಯವಿದೆ. 1960ರ ದಶಕದ ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಧನ ತುದಿಯೇ ಬಾಡಿಗೆ ಸೇರಿರುವುದು. ಅಂಥವಕ್ಕೆ ಈಗಿನ ಸೆಟ್ಟನ್ನು ಹಾಗೆಯೇ ಹಾಕಬಾರದು.

ಬ್ಯಾಟರಿಯ ಧನ ತುದಿಯಿಂದ 4 ಚದರ ಮಿ.ಮೀ. ತಂತಿಯೊಂದನ್ನು ತೆಗೆದು, ತುದಿಯಿಂದ ಒಂದು ಗೇಣಿನೊಳಗೇ 30 ಆಂಪಿಯರಿನ ಮುಖ್ಯ ಫ್ಯೂಸನ್ನು ಹೋಲ್ಡರಿನಲ್ಲಿ ಕೂಡಿಸಬೇಕು. ಫ್ಯೂಸು ದೂರದಲ್ಲಿದ್ದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಕಾವಲಿಲ್ಲದಂತಾಗುವುದು. ಅಲ್ಲಿಂದ ತಂತಿಯನ್ನು ಆರು ಕಿಂಡಿಯ ಒಂದು ಫ್ಯೂಸು ಪೆಟ್ಟಿಗೆಗೆ ತರಬೇಕು. ಪೆಟ್ಟಿಗೆಯನ್ನು ಎಂಜಿನ್ನಿನ ಶಾಖ ಮತ್ತು ಮಳೆ ತಾಗದ ಜಾಗದಲ್ಲಿ, ಸಾಧ್ಯವಾದರೆ ಮುಖ ಕೆಳಗಾಗಿ ಕೂಡಿಸುವುದು ಮೇಲು. ಪ್ರತಿ ದೀಪದ ಗುಂಪಿಗೂ ಬೇರೆ ಫ್ಯೂಸು, ಬೇರೆ ರಿಲೇ. ಇದೇ ಈ ಕೆಲಸದ ತಿರುಳು: ಒಂದು ಕೆಟ್ಟರೆ ಇನ್ನೊಂದು ಉಳಿಯಬೇಕು. ಸೆಟ್ಟಿನ ಹಳದಿ ತಂತಿಗೂ ಇದೇ ಪೆಟ್ಟಿಗೆಯಲ್ಲಿ ಅದರದೇ ಕಿಂಡಿ ಕೊಡಬಹುದು.

ರಿಲೇಯ ಕಾಲುಗಳ ಮೇಲೆ ಅಂಕೆಗಳು ಮೂಡಿರುವುವು. 30 ಎಂಬುದಕ್ಕೆ ಫ್ಯೂಸು ಪೆಟ್ಟಿಗೆಯಿಂದ ಬಂದ ತಂತಿ, 87ಕ್ಕೆ ದೀಪಕ್ಕೆ ಹೋಗುವ ತಂತಿ, 86ಕ್ಕೆ ಸ್ವಿಚ್ಚಿನಿಂದ ಬಂದ ತೆಳು ತಂತಿ, 85ಕ್ಕೆ ಅರ್ತಿಂಗು. ಐದು ಕಾಲಿನ ರಿಲೇಯಲ್ಲಿ ನಡುವಿನ 87ಎ ಎಂಬುದನ್ನು ಖಾಲಿ ಬಿಟ್ಟು ಟೇಪು ಸುತ್ತಬೇಕು. ಸ್ವಿಚ್ಚು ಹಾಕದಿದ್ದಾಗಲೂ ಅದರಲ್ಲಿ ವಿದ್ಯುತ್ ಇರುವುದು.

ಫ್ಯೂಸನ್ನು ಆರಿಸುವಾಗ ದೀಪವನ್ನಲ್ಲ, ತಂತಿಯನ್ನು ನೋಡಬೇಕು. ಫ್ಯೂಸು ಇರುವುದು ತಂತಿಯನ್ನು ಕಾಯಲು. ಒಂದು ಚದರ ಮಿ.ಮೀ. ತಂತಿಗೆ 10 ಆಂಪಿಯರ್, ಒಂದೂವರೆಗೆ 15, ಎರಡೂವರೆಗೆ 20 — ಇದಕ್ಕೆ ಮೀರಬಾರದು. ಈಗಿನ ಚಪ್ಪಟೆ ಫ್ಯೂಸುಗಳನ್ನು ಬಣ್ಣದಿಂದಲೇ ಗುರುತಿಸಬಹುದು: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಪ್ರತಿಯೊಂದರಲ್ಲಿ ಎರಡೆರಡನ್ನು ಉಪಕರಣಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಬೆಳ್ಳಿ ಕಾಗದದ ಯೋಚನೆಯೇ ಬರುವುದಿಲ್ಲ.

ತಂತಿಗಳನ್ನು ತಿರುಚಿ ಟೇಪು ಸುತ್ತುವುದು ನಾಲ್ಕು ದಿನದ ಕೆಲಸ. ಟ್ರ್ಯಾಕ್ಟರಿನ ಅದುರುವಿಕೆಗೆ ತಿರುಚಿದ ಗಂಟು ಸಡಿಲವಾಗುವುದು, ಬಿಸಿಲಿಗೆ ಟೇಪಿನ ಅಂಟು ಬಿಡುವುದು. ತಕ್ಕ ಅಳತೆಯ ಲಗ್ಗನ್ನು ಇಕ್ಕಳದಿಂದ ಒತ್ತಿ ಕೂಡಿಸಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವು ಹಾಕಿಸಬೇಕು. ತಗಡಿನ ರಂಧ್ರದ ಮೂಲಕ ತಂತಿ ಹಾಯುವ ಕಡೆಯೆಲ್ಲ ರಬ್ಬರ್ ಬುಷ್ ಕಡ್ಡಾಯ. ಸೈಲೆನ್ಸರಿನ ಹತ್ತಿರ, ಕ್ಲಚ್ಚು ಬ್ರೇಕಿನ ಸರಳುಗಳು ಓಡಾಡುವ ಕಡೆ ತಂತಿ ಹಾಯಬಾರದು.

2023ರ ಜನವರಿಯಿಂದ 50 ಅಶ್ವಶಕ್ತಿಗೂ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮಗಳು ಬಂದ ಮೇಲೆ ಅಂಥವುಗಳ ಎಂಜಿನ್ನನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ನಡೆಸುತ್ತಿದೆ. ಆ ಪೆಟ್ಟಿಗೆಗೆ ಹೋಗುವ ತಂತಿಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚುವುದಾಗಲಿ, ಕವಲು ತೆಗೆಯುವುದಾಗಲಿ ಕೂಡದು. ಕಂಪನಿಯ ಮೂಲ ತಂತಿಯನ್ನು ಕತ್ತರಿಸಿದರೆ ವಾರಂಟಿಯೂ ಹೋಗಬಹುದು. ಮೇಲೆ ಹೇಳಿದಂತೆ ಬ್ಯಾಟರಿಯಿಂದಲೇ ಬೇರೆ ದಾರಿ ಮಾಡಿಕೊಂಡರೆ ಮೂಲ ತಂತಿಯನ್ನು ಮುಟ್ಟುವ ಪ್ರಮೇಯ ಕಡಿಮೆ.

ಯಾವುದಕ್ಕೆ ಸ್ವಿಚ್ಚು ಬೇಕು, ಯಾವುದಕ್ಕೆ ಬೇಡ

ಉಳುಮೆ ದೀಪಕ್ಕೆ ಬೇಕು. ಆದರೆ ಆ ಸ್ವಿಚ್ಚಿನಲ್ಲಿ ಉರಿಯುವ ಸಣ್ಣ ಗುರುತಿನ ದೀಪವಿರಬೇಕು. ಹಿಂದಕ್ಕೆ ಮುಖ ಮಾಡಿದ ಬಿಳಿ ಉಳುಮೆ ದೀಪವನ್ನು ಆರಿಸದೆ ರಸ್ತೆಗೆ ಬಂದರೆ ಹಿಂದಿನಿಂದ ಬರುವವನಿಗೆ ಅದು ಎದುರಿನಿಂದ ಬರುತ್ತಿರುವ ವಾಹನದಂತೆ ಕಾಣುವುದು. ಕೆಂಪು ದೀಪ ಇಲ್ಲದಿರುವುದಕ್ಕಿಂತ ಇದು ಒಂದು ಕೈ ಹೆಚ್ಚು ಅಪಾಯ.

ಟ್ರೈಲರಿನ ಹಿಂಬದಿ ಕೆಂಪು ದೀಪಕ್ಕೆ ಪ್ರತ್ಯೇಕ ಸ್ವಿಚ್ಚು ಖಂಡಿತ ಬೇಡ. ಸ್ವಿಚ್ಚು ಇಟ್ಟರೆ ಅದನ್ನು ಹಾಕಲು ಮರೆಯುವ ರಾತ್ರಿಯೂ ಬರುವುದು. ಆ ರಿಲೇಯ 86ನೇ ಕಾಲಿಗೆ ಟೇಪಿನ ಕೆಂಪು ತಂತಿಯ ಕವಲನ್ನಲ್ಲ, ಟ್ರ್ಯಾಕ್ಟರಿನ ಸ್ವಂತ ಪಾರ್ಕಿಂಗ್ ದೀಪಕ್ಕೆ ಹೋಗುವ ತಂತಿಯಿಂದ ಕವಲು ಕೊಡಬೇಕು. ಆಗ ಮುಂದಿನ ದೀಪ ಹಾಕಿದೊಡನೆ ಹಿಂದಿನದೂ ಹೊತ್ತಿಕೊಳ್ಳುವುದು. ಮುಂದೆ ಬೆಳಕಿಲ್ಲದೆ ಯಾವ ಚಾಲಕನೂ ಹೊರಡುವುದಿಲ್ಲವಾದ್ದರಿಂದ ಹಿಂದೆಯೂ ಕತ್ತಲಾಗುವುದಿಲ್ಲ. ಫ್ಯೂಸು ಪೆಟ್ಟಿಗೆಯಿಂದ ಟ್ರೈಲರಿಗೆ ಹೋಗುವ ಈ ಕಿಂಡಿಗೆ ಇನ್ನಾವುದನ್ನೂ ಸೇರಿಸಕೂಡದು. ಬ್ರೇಕ್ ದೀಪವೂ ಅಷ್ಟೆ. ಅದು ಪೆಡಲಿನ ಮಾತನ್ನು ಮಾತ್ರ ಕೇಳಬೇಕು.

ಮೆರವಣಿಗೆಗೆ ಟ್ರ್ಯಾಕ್ಟರು ಕೊಡುವಾಗ ಮಾಲೆ ದೀಪ, ದೊಡ್ಡ ಧ್ವನಿವರ್ಧಕಗಳನ್ನು ಅದರ ಬ್ಯಾಟರಿಗೆ ಕಟ್ಟುವುದುಂಟು. ಅದಕ್ಕೆ ಜನರೇಟರೇ ಸರಿ. ಹಬ್ಬ ಮುಗಿದ ಮೇಲೆ ಬಿಚ್ಚದೆ ಉಳಿದ ತಂತಿಯ ತುಂಡುಗಳು ಮುಂದಿನ ಕಬ್ಬಿನ ಕಾಲಕ್ಕೆ ತಂಟೆ ತರುವುವು.

ಟ್ರೈಲರಿನ ಕಡೆ

ಟ್ರೈಲರಿನ ದೀಪಗಳು ಕೆಡುವುದಕ್ಕೆ ಮುಖ್ಯ ಕಾರಣ ಬಲ್ಬಲ್ಲ, ಅರ್ತಿಂಗು. ಕೊಂಡಿಯ ಪಿನ್ನಿನ ಮೂಲಕವೇ ಅರ್ತಿಂಗು ಸಿಗುವುದೆಂದು ನಂಬಿ ಬೇರೆ ತಂತಿ ಎಳೆಯದೆ ಬಿಡುತ್ತಾರೆ. ಪಿನ್ನಿಗೆ ಗ್ರೀಸು, ತುಕ್ಕು, ಕೆಸರು ಮೆತ್ತಿಕೊಂಡಿರುವಾಗ ವಿದ್ಯುತ್ ಹಾಯುವುದು ಹೇಗೆ? ಬಲ ತಿರುವಿನ ದೀಪ ಹಾಕಿದಾಗ ಎಡಗಡೆಯ ಹಿಂಬದಿ ದೀಪವೂ ಮಿಣುಕಿದರೆ ಅದು ಅರ್ತಿಂಗು ಕೆಟ್ಟಿರುವುದರ ಲಕ್ಷಣ. ಬ್ಯಾಟರಿಯ ಋಣ ತುದಿಯಿಂದ, ಅಥವಾ ಬಣ್ಣ ಕೆರೆದು ಹೊಳಪು ಬರಿಸಿದ ಚಾಸಿಯ ಬೋಲ್ಟಿನಿಂದ, ಧನ ತಂತಿಯಷ್ಟೇ ದಪ್ಪದ ಬಿಳಿ ತಂತಿಯನ್ನು ಟ್ರೈಲರಿನ ಕೊನೆಯವರೆಗೂ ಎಳೆಯಬೇಕು. ಏಳು ಕಾಲಿನ ಸಾಕೆಟ್ಟಿನಲ್ಲಿ ಮೂರನೆಯದು ಅರ್ತಿಂಗಿಗೇ ಮೀಸಲು. ಒಂದು ಎಡ ತಿರುವಿಗೆ, ನಾಲ್ಕು ಬಲ ತಿರುವಿಗೆ, ಐದು ಮತ್ತು ಏಳು ಹಿಂಬದಿ ಕೆಂಪಿಗೆ, ಆರು ಬ್ರೇಕಿಗೆ. ಊರಿನಲ್ಲಿ ಟ್ರೈಲರುಗಳನ್ನು ಎರವಲು ಕೊಟ್ಟು ತರುವುದು ವಾಡಿಕೆಯಾದ್ದರಿಂದ ಎಲ್ಲರೂ ಇದೇ ಕ್ರಮವನ್ನು ಇಟ್ಟುಕೊಂಡರೆ ಯಾರ ಟ್ರೈಲರಿಗೆ ಯಾರ ಟ್ರ್ಯಾಕ್ಟರು ಕಟ್ಟಿದರೂ ದೀಪ ಉರಿಯುವುದು.

ಇನ್ನೊಂದು ತೊಡಕು ಕಬ್ಬಿನದೇ. ಟ್ರೈಲರಿಗಿಂತ ಉದ್ದಕ್ಕೆ ಚಾಚಿದ ಜಲ್ಲೆಗಳು ಹಿಂಬದಿ ದೀಪವನ್ನು ಪೂರ್ತಿ ಮುಚ್ಚಿಬಿಡುವುವು. ಉರಿಯುತ್ತಿದ್ದರೂ ಕಾಣದ ದೀಪದಿಂದ ಏನು ಪ್ರಯೋಜನ? ಇದಕ್ಕೆ ಬಿಡಿ ದೀಪದ ಹಲಗೆಯೇ ಉಪಾಯ. ನಾಲ್ಕಡಿ ಉದ್ದದ ಹಲಗೆ ಅಥವಾ ತಗಡಿನ ಪಟ್ಟಿಗೆ ಎರಡು ಕೆಂಪು ದೀಪ, ಎರಡು ತಿರುವಿನ ದೀಪ, ಎರಡು ತುದಿಗೂ ಕೆಂಪು ಪ್ರತಿಫಲಕ ಕೂಡಿಸಿ, ಮೂರು ಮೀಟರು ಉದ್ದದ ರಬ್ಬರು ಹೊದಿಕೆಯ ಕೇಬಲ್ಲು ಕೊಡಬೇಕು. ಕಬ್ಬು ತುಂಬಿ ಹಗ್ಗ ಬಿಗಿದ ಮೇಲೆ ಹಲಗೆಯನ್ನು ಜಲ್ಲೆಗಳ ತುದಿಯಲ್ಲಿ ಕಟ್ಟಿ ಕೇಬಲ್ಲನ್ನು ಸಾಕೆಟ್ಟಿಗೆ ಸಿಕ್ಕಿಸುವುದು. ಇಳಿಸುವ ಮುನ್ನ ಬಿಚ್ಚಿ ಟ್ರ್ಯಾಕ್ಟರಿನಲ್ಲಿಟ್ಟುಕೊಳ್ಳುವುದು. ಇದರಲ್ಲಿ ಎಲ್‌ಇಡಿ ದೀಪ ಹಾಕಿದರೆ ಎಳೆಯುವ ಪ್ರವಾಹ ಬಹಳ ಕಡಿಮೆ, ಅದುರಿದರೂ ಬೇಗ ಕೆಡುವುದಿಲ್ಲ. ತಿರುವಿನ ದೀಪವನ್ನು ಎಲ್‌ಇಡಿಗೆ ಬದಲಿಸಿದಾಗ ಮಾತ್ರ ಮಿಣುಕು ತೀರ ಚುರುಕಾಗಬಹುದು. ಅದಕ್ಕೆ ತಕ್ಕ ಫ್ಲ್ಯಾಷರು ಬೇರೆ ಸಿಗುವುದು.

ದೀಪ ಕೆಟ್ಟರೂ ಕಾಣುವುದು ಪ್ರತಿಫಲಕ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಭಾಗಕ್ಕೆ ಕೆಂಪು ಪ್ರತಿಫಲಕವನ್ನು ಕಡ್ಡಾಯ ಮಾಡಿವೆ. ಬಗೆಬಗೆಯ ರಾಗ ಹಾಡುವ ಹಾರನ್ನು ಅದೇ ನಿಯಮಗಳು ನಿಷೇಧಿಸಿವೆ. ಸ್ವಿಚ್ಚು ಖಾಲಿಯಿದೆಯೆಂದು ಅದನ್ನು ಹಾಕಿಸಬಾರದು. ಕಬ್ಬು ಸಾಗಿಸುವ ಎತ್ತಿನ ಗಾಡಿಗಳ ಹಿಂದೆಯೂ ಪ್ರತಿಫಲಿಸುವ ಪಟ್ಟಿ ಅಂಟಿಸುವುದು ಒಳ್ಳೆಯದು.

ಲಾರಿಗಳಲ್ಲಿ 24 ವೋಲ್ಟು

ಅನೇಕ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಬೆನ್ನಿಗೊಂದು ಸೇರಿಸಿ 24 ವೋಲ್ಟು ಪಡೆಯುವರು. ಟೇಪು 12 ವೋಲ್ಟಿನದಾದ್ದರಿಂದ ಒಂದೇ ಬ್ಯಾಟರಿಯಿಂದ ತಂತಿ ತೆಗೆದು ನಡೆಸುವ ರೂಢಿಯಿದೆ. ಸೆಟ್ಟು ಹಾಡುವುದೇನೋ ಹಾಡುವುದು. ಆದರೆ ಆ ಬ್ಯಾಟರಿ ಮಾತ್ರ ಹೆಚ್ಚು ಖರ್ಚಾಗುವುದು. ಆಲ್ಟರ್ನೇಟರು ಎರಡಕ್ಕೂ ಒಂದೇ ಪ್ರವಾಹ ಕಳಿಸುವುದರಿಂದ ಖರ್ಚಾದದ್ದು ಎಂದೂ ತುಂಬುವುದಿಲ್ಲ, ಇನ್ನೊಂದು ತುಂಬಿದ ಮೇಲೂ ಕುದಿಯುತ್ತ ನೀರು ಕಳೆದುಕೊಳ್ಳುವುದು. ಕೆಲವೇ ತಿಂಗಳಲ್ಲಿ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರನ್ನು ನಡುವೆ ಹಾಕುವುದೇ ಸರಿಯಾದ ದಾರಿ. 24 ವೋಲ್ಟಿನ ಲಾರಿಗೆ ರಿಲೇಗಳೂ 24 ವೋಲ್ಟಿನವೇ ಆಗಬೇಕು.

ಬ್ಯಾಟರಿಯ ಜಮಾಖರ್ಚು

ಅನೇಕ ಟ್ರ್ಯಾಕ್ಟರುಗಳ ಆಲ್ಟರ್ನೇಟರು 36 ಆಂಪಿಯರಿನದು. ಮುಂದಿನ ದೀಪಗಳಿಗೆ 9, ಉಳುಮೆ ದೀಪಗಳಿಗೆ 9, ಸೆಟ್ಟು ಫ್ಯಾನುಗಳಿಗೆ 7, ಹಿಂಬದಿ ದೀಪಗಳಿಗೆ 2 ಎಂದರೆ ಆಗಲೇ 27. ಎಂಜಿನ್ನು ವೇಗದಲ್ಲಿದ್ದಾಗ ಇದು ನಡೆಯುವುದು. ನಿಂತಲ್ಲೇ ನಿಧಾನವಾಗಿ ಓಡುವಾಗ ಆಲ್ಟರ್ನೇಟರು ಪೂರ್ತಿ ಕೊಡಲಾರದು, ಕೊರತೆಯನ್ನು ಬ್ಯಾಟರಿ ತುಂಬುವುದು.

ಇದಕ್ಕಿಂತ ಕಷ್ಟ ಕಾರ್ಖಾನೆಯ ಅಂಗಳದ್ದು. ಸರದಿಯಲ್ಲಿ ಗಂಟೆಗಟ್ಟಲೆ ಕಾಯುವಾಗ ಎಂಜಿನ್ನು ನಿಲ್ಲಿಸಿ ಹಾಡು ಹಾಕುವುದು ಸಹಜ. 5 ಆಂಪಿಯರ್ ಎಳೆಯುವ ಸೆಟ್ಟು 8 ಗಂಟೆ ಹಾಡಿದರೆ 40 ಆಂಪಿಯರ್-ಗಂಟೆ ಹೋಯಿತು. 80ರ ಬ್ಯಾಟರಿಯಲ್ಲಿ ಅರ್ಧ. ಸರದಿ ಬಂದಾಗ ಸ್ಟಾರ್ಟರು ತಿರುಗುವುದಿಲ್ಲ. ತಗ್ಗಿದ ದನಿಯಲ್ಲಿ ಎರಡು ಗಂಟೆ ಕೇಳಿ ಆರಿಸುವುದು ಲೇಸು. ಕೀ ಇಲ್ಲದೆಯೂ ಹಾಡಲೆಂದು ಹಳದಿ ಮತ್ತು ಕೆಂಪು ತಂತಿಗಳನ್ನು ಒಟ್ಟಿಗೆ ಬ್ಯಾಟರಿಗೆ ಕಟ್ಟುವ ಪದ್ಧತಿಯನ್ನು ಬಿಡಬೇಕು.

ಕಬ್ಬಿನ ಕೆಲಸ ಮುಗಿದು ಟ್ರ್ಯಾಕ್ಟರು ಕೊಟ್ಟಿಗೆಯಲ್ಲಿ ನಿಲ್ಲುವ ದಿನಗಳಲ್ಲೂ ಹಳದಿ ತಂತಿ ಹನಿ ಹನಿಯಾಗಿ ಎಳೆಯುತ್ತಲೇ ಇರುವುದು. ನೂರನೇ ಒಂದು ಆಂಪಿಯರ್ ಎಂದರೂ ತಿಂಗಳಿಗೆ 7 ಆಂಪಿಯರ್-ಗಂಟೆ. ಋಣ ತುದಿಗೆ ಬ್ಯಾಟರಿ ಕಟ್ಟುವ ದಪ್ಪ ಸ್ವಿಚ್ಚೊಂದನ್ನು ಹಾಕಿಸಿ, ನಿಲ್ಲಿಸುವಾಗ ತಿರುಗಿಸಿಡಬೇಕು. ಇಲಿ ಕಡಿದ ತಂತಿಯಿಂದ ಕೊಟ್ಟಿಗೆಗೆ ಬೆಂಕಿ ಬೀಳುವ ಭಯವೂ ಇದರಿಂದ ಕಡಿಮೆಯಾಗುವುದು. ನಿಲ್ಲಿಸಿ ಹದಿನೈದು ದಿನಕ್ಕೊಮ್ಮೆ ಎಂಜಿನ್ನು ನಡೆಸಿದರೆ ಬ್ಯಾಟರಿ ತುಂಬಿರುವುದು.

ಹೊಸ ಜೋಡಣೆ ಮುಗಿದ ದಿನ ಸಂಜೆ, ಒಬ್ಬರು ಚಾಲಕನ ಸೀಟಿನಲ್ಲಿ ಕುಳಿತು, ಇನ್ನೊಬ್ಬರು ತುಂಬಿದ ಟ್ರೈಲರಿನಿಂದ ನೂರು ಹೆಜ್ಜೆ ಹಿಂದೆ ನಿಂತು ಪ್ರತಿ ದೀಪವನ್ನೂ ಕೂಗಿ ಹೇಳಿ ನೋಡಬೇಕು. ಎಲ್ಲವನ್ನೂ ಹತ್ತು ನಿಮಿಷ ಉರಿಸಿ, ತಂತಿ, ಸ್ವಿಚ್ಚು, ಫ್ಯೂಸು ಹೋಲ್ಡರುಗಳನ್ನು ಕೈಯಿಂದ ಮುಟ್ಟಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾದ ಕಡೆ ತಂತಿ ಸಣ್ಣದು ಅಥವಾ ಗಂಟು ಸಡಿಲ. ಆಮೇಲೆ ಟೇಪಿನ ಫ್ಯೂಸನ್ನು ಬೇಕೆಂದೇ ತೆಗೆದು ನೋಡಬೇಕು. ಹಾಡು ನಿಂತು, ಹಿಂದಿನ ಕೆಂಪು ದೀಪ ಹಾಗೆಯೇ ಉರಿಯುತ್ತಿದ್ದರೆ ಟ್ರೈಲರನ್ನು ರಸ್ತೆಗೆ ತೆಗೆಯಬಹುದು.